ಒಂದೇ ಮುದ್ದೆ, ಒಂದೇ ವಾಕಿಂಗ್: ಗಂಡನ ತೂಕ ಇಳಿದರೂ ಹೆಂಡತಿಯದು ಯಾಕೆ ಇಳಿಯಲ್ಲ?

ತುಮಕೂರಿನ ಅಮಾನಿಕೆರೆಗೆ ಬೆಳಗ್ಗೆ ಜೋಡಿಯಾಗಿ ವಾಕಿಂಗ್ ಬರುವ ಒಬ್ಬ ಗಂಡ-ಹೆಂಡತಿ ಇದ್ದಾರೆ ಅಂದುಕೊಳ್ಳಿ. ಇಬ್ಬರೂ ಅಷ್ಟೇ ದೂರ ನಡೆಯುತ್ತಾರೆ, ಮನೆಯಲ್ಲಿ ಒಂದೇ ಪಾತ್ರೆಯ ಮುದ್ದೆ-ಬಸ್ಸಾರು ಉಣ್ಣುತ್ತಾರೆ, ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ. ತಿಂಗಳಾದ ಮೇಲೆ ತೂಕದ ಮೆಷಿನ್ ಹತ್ತಿದರೆ ಗಂಡನದು ಎರಡೂವರೆ ಕೆ.ಜಿ. ಇಳಿದಿದೆ, ಹೆಂಡತಿಯದು ಇನ್ನೂರು ಗ್ರಾಂ ಏರಿದೆ. "ನೀನು ಮಧ್ಯಾಹ್ನ ಕದ್ದು ಏನೋ ತಿಂತೀಯ" ಅಂತ ಅವರು. "ನನ್ನ ಮೈಯೇ ಹಿಂಗೆ ರೀ, ನೀರು ಕುಡಿದ್ರೂ ಊದುತ್ತೆ" ಅಂತ ಇವರು. ಇಬ್ಬರ ಮಾತೂ ತಪ್ಪು. ಆದರೆ ನೀರಿನ ವಿಷಯದಲ್ಲಿ ಹೆಂಡತಿಯ ಮಾತು ಸತ್ಯಕ್ಕೆ ಬಹಳ ಹತ್ತಿರ ಬಂದಿದೆ. ಈ ಅಂತರದಲ್ಲಿ ಒಂದು ಪಾಲು ಮೈಗಾತ್ರದ್ದು, ಒಂದು ಪಾಲು ಕೊಬ್ಬು ಎಲ್ಲಿ ಕೂತಿದೆ ಎನ್ನುವುದರದ್ದು. ಜಗಳ ಹಚ್ಚುವ ದೊಡ್ಡ ಪಾಲು ಮಾತ್ರ ಬರೀ ನೀರಿನದು.

ಲೆಕ್ಕ ಹಾಕಿ ನೋಡಿದರೆ

ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ, ಮೆದುಳು, ಲಿವರ್ ಇವೆಲ್ಲ ನಡೆಯುವುದಕ್ಕೆ ದೇಹ ದಿನಕ್ಕೆ ಇಷ್ಟು ಅಂತ ಕ್ಯಾಲೊರಿ ಸುಡುತ್ತದೆ. ಅದನ್ನು ಅಂದಾಜು ಮಾಡಲು ಡಯಟಿಷಿಯನ್‌ಗಳು ಹೆಚ್ಚಾಗಿ ಬಳಸುವುದು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ಕೆ.ಜಿ. ಲೆಕ್ಕದ ತೂಕವನ್ನು 10ರಿಂದ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಿರಿ. ಕೊನೆಗೆ ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ.

ನಮ್ಮ ಜೋಡಿಗೇ ಹಾಕೋಣ. ಗಂಡ 38 ವರ್ಷ, 170 ಸೆಂ.ಮೀ., 82 ಕೆ.ಜಿ.: ಸುಮಾರು 1,700 ಕ್ಯಾಲೊರಿ. ಹೆಂಡತಿ 36 ವರ್ಷ, 156 ಸೆಂ.ಮೀ., 68 ಕೆ.ಜಿ.: ಸುಮಾರು 1,315. ಕೂತು ಮಾಡುವ ಕೆಲಸದ ಜೊತೆಗೆ ಸ್ವಲ್ಪ ಓಡಾಟ ಇರುವವರಾದರೆ ಇದನ್ನು 1.4ರಿಂದ ಗುಣಿಸಬೇಕು. ಆಗ ದಿನದ ಒಟ್ಟು ಖರ್ಚು ಅವರಿಗೆ 2,375 ಹತ್ತಿರ, ಇವರಿಗೆ 1,840. ಅಂದರೆ ಏನೂ ಮಾಡದೆ ಇಬ್ಬರ ನಡುವೆ 500ಕ್ಕೂ ಹೆಚ್ಚು ಕ್ಯಾಲೊರಿಯ ಅಂತರ.

ಸೂತ್ರದ ಕೊನೆಯಲ್ಲಿರುವ ಆ 166ರ ಅಂತರ ನೋಡಿ "ಹೆಂಗಸರ ಮೆಟಬಾಲಿಸಂ ನಿಧಾನ" ಅನ್ನುವವರು ಬಹಳ. ಅದು ಹಾಗಲ್ಲ. ಅಷ್ಟೇ ತೂಕ, ಅಷ್ಟೇ ಎತ್ತರದ ಗಂಡಸಿನಲ್ಲಿ ಸ್ನಾಯು ಹೆಚ್ಚು, ಕೊಬ್ಬು ಕಡಿಮೆ. ಸ್ನಾಯು ಮತ್ತು ಅಂಗಾಂಗಗಳು ಕ್ಯಾಲೊರಿ ಸುಡುತ್ತವೆ, ಕೊಬ್ಬು ಬಹಳ ಕಡಿಮೆ ಸುಡುತ್ತದೆ. ಇನ್ನೊಂದು ಸೂತ್ರ ಇದೆ: ಕೊಬ್ಬು ಬಿಟ್ಟು ಉಳಿದ ತೂಕವನ್ನು 21.6ರಿಂದ ಗುಣಿಸಿ 370 ಸೇರಿಸುವುದು. ಅದರಲ್ಲಿ ಗಂಡು-ಹೆಣ್ಣು ಅನ್ನುವ ಕಲಮೇ ಇಲ್ಲ, ಆದರೂ ಉತ್ತರ ಹೆಚ್ಚು ಕಡಿಮೆ ಸರಿಯಾಗಿಯೇ ಬರುತ್ತದೆ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ ಕೂಡಿಸಿ ಮಾಡಿದ ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಕೊಬ್ಬುರಹಿತ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಗಂಡಸು-ಹೆಂಗಸರ ಶಕ್ತಿ ಖರ್ಚಿನಲ್ಲಿ ವ್ಯತ್ಯಾಸವಿಲ್ಲ. 20ರಿಂದ 60 ವರ್ಷದವರೆಗೆ ಆ ಖರ್ಚು ಸಮವಾಗಿಯೇ ಇರುತ್ತದೆ. ಆದ್ದರಿಂದ "ಮೂವತ್ತಾದ ಮೇಲೆ ಮೆಟಬಾಲಿಸಂ ಬಿದ್ದುಹೋಯಿತು" ಅನ್ನುವುದನ್ನೂ ಬಿಡಬಹುದು.

ಎಡವಟ್ಟು ಆಗುವುದು ಇಬ್ಬರೂ ಒಂದೇ ಅಳತೆಯಲ್ಲಿ ಕಡಿಮೆ ಮಾಡಲು ಹೊರಟಾಗ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಗೆ ಸುಮಾರು 320 ಕ್ಯಾಲೊರಿ. ಎರಡು ಮುದ್ದೆ ಉಣ್ಣುವವರು ಒಂದನ್ನು ಬಿಡಬಹುದು. ಒಂದೇ ಉಣ್ಣುವವರು ಏನನ್ನು ಬಿಡಬೇಕು? ಇಬ್ಬರೂ 500 ಕ್ಯಾಲೊರಿ ಇಳಿಸಿದರೆ ಗಂಡನಿಗೆ 1,875 ಉಳಿಯುತ್ತದೆ, ಹೊಟ್ಟೆ ತುಂಬುತ್ತದೆ. ಹೆಂಡತಿಗೆ ಉಳಿಯುವುದು 1,340. ಅಷ್ಟರಲ್ಲೇ ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲವನ್ನೂ ತುಂಬಿಸಬೇಕು. ಎರಡು ವಾರ ನಡೆಯುತ್ತದೆ, ಮೂರನೇ ವಾರ ಸಂಜೆ ನಾಲ್ಕಕ್ಕೆ ಕೈ ತಾನಾಗಿ ಮಿಕ್ಸ್ಚರ್ ಡಬ್ಬಕ್ಕೆ ಹೋಗುತ್ತದೆ.

ಅದಕ್ಕೆ ಸಂಖ್ಯೆಯ ಬದಲು ಪಾಲು ನೋಡಿ. ಇಬ್ಬರೂ ತಮ್ಮ ತಮ್ಮ ಖರ್ಚಿನ ಐದನೇ ಒಂದು ಭಾಗ ಇಳಿಸಲಿ: ಅವರು 475, ಇವರು 370. ಒಂದು ಕೆ.ಜಿ. ಬೊಜ್ಜಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದರೆ ತಿಂಗಳಿಗೆ ಅವರದು 1.85 ಕೆ.ಜಿ., ಇವರದು 1.4 ಕೆ.ಜಿ. ಇಳಿಯಬೇಕು. ಕೆ.ಜಿ.ಯಲ್ಲಿ ಅರ್ಧ ಕೆ.ಜಿ.ಯಷ್ಟು ಹಿಂದೆ, ಆದರೆ ಮೈತೂಕದ ಶೇಕಡಾ ಲೆಕ್ಕದಲ್ಲಿ ಅವರದು 2.3, ಇವರದು 2.1. ಹೆಚ್ಚುಕಡಿಮೆ ಒಂದೇ.

ವಾಕಿಂಗ್‌ನಲ್ಲೂ ಇದೇ ಕಥೆ. ಸಮತಟ್ಟಾದ ದಾರಿಯಲ್ಲಿ ನಡೆದರೆ ಪ್ರತಿ ಕೆ.ಜಿ. ಮೈತೂಕಕ್ಕೆ ಕಿಲೋಮೀಟರಿಗೆ ಸುಮಾರು ಅರ್ಧ ಕ್ಯಾಲೊರಿ ಹೆಚ್ಚುವರಿ ಖರ್ಚು. 5 ಕಿ.ಮೀ.ಗೆ ಅವರದು 205, ಇವರದು 170. ಹಾಗಾಗಿ ವಾಕಿಂಗ್ ಮುಗಿಸಿ ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತಸಂದ್ರದ ಕಡೆ ಗಾಡಿ ತಿರುಗಿಸುವ ಮುಂಚೆ ಒಂದು ಮಾತು. ತಟ್ಟೆ ಇಡ್ಲಿಯದು ಅಂಥಾ ತಪ್ಪೇನಿಲ್ಲ, ಹಬೆಯಲ್ಲಿ ಬೆಂದದ್ದು. ಮೇಲೆ ಕರಗುವ ಬೆಣ್ಣೆ 10 ಗ್ರಾಂ ಇದ್ದರೂ 70 ಕ್ಯಾಲೊರಿ. ಅದು ಅವರಿಗೆ ವಾಕಿಂಗ್‌ನ ಮೂರನೇ ಒಂದು ಪಾಲು, ಇವರಿಗೆ ಇನ್ನೂ ಹೆಚ್ಚು.

ನೀರಿನ ಆಟ

ಈಗ ಆ ಇನ್ನೂರು ಗ್ರಾಂ ಏರಿಕೆಗೆ ಬರೋಣ. ಮುಟ್ಟಿಗೆ ಮುಂಚಿನ ವಾರ ಹಾರ್ಮೋನುಗಳ ಏರಿಳಿತದಿಂದ ದೇಹ ಉಪ್ಪು-ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವರಲ್ಲಿ ಅರ್ಧ ಕೆ.ಜಿ., ಕೆಲವರಲ್ಲಿ ಎರಡು ಕೆ.ಜಿ.ವರೆಗೂ. ಉಂಗುರ ಬಿಗಿಯಾಗುವುದು, ಹೊಟ್ಟೆ ಉಬ್ಬರ, ಎದೆ ಭಾರ ಎಲ್ಲ ಅದರ ಗುರುತು. ಹೆಂಡತಿ ತಿಂಗಳಿಡೀ ಸರಿಯಾಗಿ ಮಾಡಿ 1.4 ಕೆ.ಜಿ. ಕೊಬ್ಬು ಕಳೆದುಕೊಂಡಿದ್ದಾರೆ. ತೂಕ ನೋಡಿದ ದಿನ ಮೈಯಲ್ಲಿ 1.6 ಕೆ.ಜಿ. ನೀರು ನಿಂತಿತ್ತು. ಮೆಷಿನ್ ತೋರಿಸಿದ್ದು 200 ಗ್ರಾಂ ಏರಿಕೆ. ಕೊಬ್ಬು ಹೋಗಿದೆ, ಕಾಣಿಸುತ್ತಿಲ್ಲ. ಮುಟ್ಟು ಶುರುವಾಗಿ ಮೂರು ನಾಲ್ಕು ದಿನಕ್ಕೆ ಆ ನೀರು ಇಳಿದು ನಿಜ ಬಯಲಾಗುತ್ತದೆ, ಆದರೆ ಅಷ್ಟರಲ್ಲಿ ಬೇಜಾರಾಗಿ ಡಯಟ್ ಬಿಟ್ಟಿರುತ್ತಾರೆ.

ಗಂಡನ ಎರಡೂವರೆ ಕೆ.ಜಿ.ಯಲ್ಲೂ ನೀರಿದೆ, ಅದು ಅವರ ಪರವಾಗಿ ಕೆಲಸ ಮಾಡಿದೆ ಅಷ್ಟೇ. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ-ಮುದ್ದೆ ಕಡಿಮೆ ಮಾಡಿದ ಮೊದಲ ವಾರ ಈ ದಾಸ್ತಾನು ಕರಗಿ ನೀರೂ ಹೊರಟುಹೋಗುತ್ತದೆ. ಸ್ನಾಯು ಹೆಚ್ಚಿರುವ ಗಂಡಸಿನಲ್ಲಿ ದಾಸ್ತಾನು ದೊಡ್ಡದು, ಇಳಿಕೆಯೂ ದೊಡ್ಡದು. "ಒಂದೇ ವಾರದಲ್ಲಿ 2 ಕೆ.ಜಿ." ಅನ್ನುವ ಜಾಹೀರಾತುಗಳೆಲ್ಲ ನಿಂತಿರುವುದು ಈ ನೀರಿನ ಮೇಲೆ.

ಆದ್ದರಿಂದ ತೂಕ ನೋಡುವ ಕ್ರಮ ಹೀಗಿರಲಿ. ಬೆಳಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮುಂಚೆ, ದಿನವೂ ಹೆಚ್ಚುಕಡಿಮೆ ಅಷ್ಟೇ ಬಟ್ಟೆಯಲ್ಲಿ. ಮೆಷಿನ್ ಗಟ್ಟಿ ನೆಲದ ಮೇಲಿರಬೇಕು, ಚಾಪೆಯ ಮೇಲಲ್ಲ. ಏಳು ದಿನದ ಸಂಖ್ಯೆ ಕೂಡಿಸಿ ಏಳರಿಂದ ಭಾಗಿಸಿ. ಗಂಡಸರು ಈ ವಾರದ ಸರಾಸರಿಯನ್ನು ಹೋದ ವಾರದ್ದರ ಜೊತೆ ಹೋಲಿಸಬಹುದು. ಮುಟ್ಟಾಗುವ ಹೆಂಗಸರು ಹಾಗೆ ಮಾಡಬಾರದು. ಮುಟ್ಟಾದ ನಂತರದ ವಾರವನ್ನು ಹೋದ ತಿಂಗಳ ಮುಟ್ಟಾದ ನಂತರದ ವಾರಕ್ಕೇ ಹೋಲಿಸಬೇಕು. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆದರೆ ಸಾಕು, ಆ್ಯಪ್ ಬೇಕಿಲ್ಲ. ಜಿಮ್‌ಗಳಲ್ಲಿ ಕಾಲಿಟ್ಟರೆ ಕೊಬ್ಬಿನ ಶೇಕಡಾ ತೋರಿಸುವ ಮೆಷಿನ್‌ಗಳು ದೇಹದಲ್ಲಿ ಸಣ್ಣ ಕರೆಂಟ್ ಹಾಯಿಸಿ ನೀರನ್ನು ಅಳೆದು ಕೊಬ್ಬನ್ನು ಊಹಿಸುತ್ತವೆ. ನೀರೇ ಏರುಪೇರಾಗುವ ವಾರದಲ್ಲಿ ಅವುಗಳ ಮಾತು ನಂಬುವಂತಿಲ್ಲ.

ಹೊಟ್ಟೆ ಬೇಗ ಕರಗುತ್ತದೆ, ತೊಡೆ ಹಟ ಮಾಡುತ್ತದೆ

ಫ್ರಾನ್ಸಿನ ವೈದ್ಯ ಜಾನ್ ವಾಗ್ 1947ರಲ್ಲೇ ಬೊಜ್ಜನ್ನು ಎರಡು ಬಗೆ ಮಾಡಿ ತೋರಿಸಿದ್ದರು: ಹೊಟ್ಟೆಯ ಕಡೆ ತುಂಬುವ ಗಂಡಸಿನ ಬಗೆ, ಸೊಂಟ-ತೊಡೆಯ ಕಡೆ ತುಂಬುವ ಹೆಂಗಸಿನ ಬಗೆ. ಮೊದಲನೆಯದೇ ಸಕ್ಕರೆ ಕಾಯಿಲೆಗೆ ಹತ್ತಿರ ಎಂದೂ ಹೇಳಿದ್ದರು. ಹೆಂಗಸರಿಗೆ ಹೋಲಿಸಿದರೆ ಗಂಡಸರ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಹೊಟ್ಟೆಯೊಳಗೆ, ಕರುಳು-ಲಿವರ್ ಸುತ್ತ ಕೂರುತ್ತದೆ. ಹೆಂಗಸರದು ಹೆಚ್ಚಾಗಿ ಚರ್ಮದಡಿ, ಸೊಂಟ ಮತ್ತು ತೊಡೆಯಲ್ಲಿ.

ಕೊಬ್ಬಿನ ಕೋಶಕ್ಕೆ ಬಾಗಿಲು ತೆಗೆಯುವ ಕೀಲಿಯೂ ಇದೆ, ಚಿಲಕವೂ ಇದೆ. ನಡೆದಾಗ, ಹಸಿದಾಗ ಬರುವ ಅಡ್ರಿನಲಿನ್ ಹಾರ್ಮೋನು ಕೋಶದ ಮೇಲಿನ ಬೀಟಾ ಎಂಬ ಗ್ರಾಹಕಕ್ಕೆ (ಹಾರ್ಮೋನಿನ ಸಂದೇಶ ಹಿಡಿಯುವ ಕೊಂಡಿ) ತಗುಲಿದರೆ ಕೊಬ್ಬು ಹೊರಬರುತ್ತದೆ. ಆಲ್ಫಾ-2 ಎಂಬುದಕ್ಕೆ ತಗುಲಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ಕೀಲಿಯ ಕೈ ಮೇಲು, ಹೆಂಗಸರ ಸೊಂಟ-ತೊಡೆಯಲ್ಲಿ ಚಿಲಕದ ಕೈ ಮೇಲು. ಬಸಿರು ಮತ್ತು ಬಾಣಂತನಕ್ಕೆ ಎತ್ತಿಟ್ಟ ಗಂಟು ಅದು. ಹಾಲುಣಿಸುವ ತಿಂಗಳುಗಳಲ್ಲಿ ತೊಡೆಯ ಕೊಬ್ಬು ಸ್ವಲ್ಪ ಸಡಿಲವಾಗುತ್ತದೆ.

ಅದರಿಂದ ಗಂಡನ ಬೆಲ್ಟ್ ಒಂದೇ ತಿಂಗಳಿಗೆ ಒಂದು ತೂತು ಒಳಗೆ ಹೋಗುತ್ತದೆ, ಹೆಂಡತಿಯ ಚೂಡಿದಾರ್ ಪ್ಯಾಂಟ್ ತೊಡೆಯಲ್ಲಿ ಹಾಗೇ ಬಿಗಿ. ಕಾಲು ಎತ್ತಿ ಇಳಿಸುವ ವ್ಯಾಯಾಮ ಎಷ್ಟು ಮಾಡಿದರೂ ತೊಡೆಯ ಕೊಬ್ಬೇ ಆರಿಸಿ ಕರಗುವುದಿಲ್ಲ. ಕೊಬ್ಬು ರಕ್ತಕ್ಕೆ ಬಂದು ಎಲ್ಲೋ ಸುಟ್ಟು ಬಹುಪಾಲು ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. 10 ಕೆ.ಜಿ. ಕೊಬ್ಬು ಕರಗಿದರೆ 8.4 ಕೆ.ಜಿ. ಉಸಿರಿನಲ್ಲಿ, 1.6 ಕೆ.ಜಿ. ನೀರಾಗಿ.

ಇಲ್ಲಿ ಗಂಡಸರು ಬೀಗುವಂತಿಲ್ಲ. ಬೇಗ ಕರಗುವ ಕೊಬ್ಬೇ ಬೇಗ ಕೆಡಿಸುವ ಕೊಬ್ಬು. ಅದು ಲಿವರ್‌ಗೆ ನೇರ ಹೋಗುವ ರಕ್ತಕ್ಕೆ ಕೊಬ್ಬಿನಾಮ್ಲ ಸುರಿಯುತ್ತದೆ. ಫ್ಯಾಟಿ ಲಿವರ್, ಶುಗರ್, ಬಿ.ಪಿ. ಅಲ್ಲಿಂದ ಶುರು. ತೊಡೆಯ ಕೊಬ್ಬು ನೋಡಲು ಬೇಸರ ತಂದರೂ ಅಷ್ಟು ಅಪಾಯಕಾರಿಯಲ್ಲ. ನಮ್ಮ ದೇಶದವರಲ್ಲಿ ತೆಳ್ಳಗೆ ಕಾಣುವವರ ಹೊಟ್ಟೆಯೊಳಗೂ ಕೊಬ್ಬು ಹೆಚ್ಚು. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ದು ಶೇ 9.1, ಯಾಜ್ಞಿಕ್‌ರದು ಶೇ 21.2. ತಮ್ಮದೇ ಫೋಟೊ ಸಮೇತ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅದಕ್ಕೇ ಭಾರತೀಯರಿಗೆ ಮಿತಿ ಕೆಳಗಿದೆ: ಸೊಂಟದ ಸುತ್ತಳತೆ ಗಂಡಸಿಗೆ 90 ಸೆಂ.ಮೀ., ಹೆಂಗಸಿಗೆ 80 ಸೆಂ.ಮೀ. ಅಳೆಯುವುದರಲ್ಲೇ ಮೋಸ ಹೋಗುವುದು ಹೆಚ್ಚು. ಗಂಡಸರು ಹೊಟ್ಟೆಯ ಕೆಳಗೆ ಬೆಲ್ಟ್ ಕಟ್ಟಿ "ನಂದು ಈಗಲೂ 34" ಅನ್ನುತ್ತಾರೆ. ಹೆಂಗಸರು ಲಂಗದ ಲಾಡಿ ಕಟ್ಟಿದ ಗೆರೆಯ ಮೇಲೆ ಟೇಪ್ ಇಡುತ್ತಾರೆ. ಎರಡೂ ಜಾಗ ತಪ್ಪು. ಪಕ್ಕೆಲುಬಿನ ಕೊನೆ ಎಲ್ಲಿ ಮುಗಿಯುತ್ತದೆ ಬೆರಳಲ್ಲಿ ಒತ್ತಿ ನೋಡಿ, ಸೊಂಟದ ಮೂಳೆಯ ಮೇಲಂಚು ಎಲ್ಲಿದೆ ನೋಡಿ, ಎರಡರ ಮಧ್ಯೆ ದರ್ಜಿ ಟೇಪ್ ಸುತ್ತಿ. ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಲಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ, ಹೊಟ್ಟೆ ಎಳೆದುಕೊಳ್ಳಬೇಡಿ. ಹೆಂಗಸರು ಸೊಂಟದ ಕೆಳಗಿನ ಅತಿ ಅಗಲವಾದ ಜಾಗ ಮತ್ತು ತೊಡೆಯನ್ನೂ ತಿಂಗಳಿಗೊಮ್ಮೆ ಅಳೆಯಬೇಕು. ತೂಕ ನಿಂತ ತಿಂಗಳು ಟೇಪ್ ಎಷ್ಟೋ ಸಲ ಇಳಿದಿರುತ್ತದೆ.

ಹೆಂಗಸು ಹೆಚ್ಚು ಕಳೆದುಕೊಳ್ಳುವುದು ಸ್ನಾಯು

2018ರಲ್ಲಿ ಪ್ರಕಟವಾದ ಪ್ರಿವ್ಯೂ ಎಂಬ ಬಹುರಾಷ್ಟ್ರ ಅಧ್ಯಯನದಲ್ಲಿ ಶುಗರ್ ಅಂಚಿನಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 800 ಕ್ಯಾಲೊರಿ ಕೊಟ್ಟರು, ಗಂಡು ಹೆಣ್ಣು ಭೇದವಿಲ್ಲದೆ. ಗಂಡಸರು ಮೈತೂಕದ ಶೇ 11.8 ಇಳಿದರು, ಹೆಂಗಸರು ಶೇ 10.3. ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿರುವುದು) ಇಬ್ಬರಲ್ಲೂ ಒಂದೇ ಸಮ ಸುಧಾರಿಸಿತು. ಆದರೆ ಒಳ್ಳೆಯ ಕೊಲೆಸ್ಟ್ರಾಲ್, ಕೊಬ್ಬುರಹಿತ ತೂಕ ಎರಡೂ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು ಇಳಿದವು. ವಿಪರೀತ ಉಪವಾಸದ ಬಿಲ್ ಹೆಂಗಸರಿಗೇ ದುಬಾರಿ.

ಮನೆಮನೆಯಲ್ಲಿ ಇದು ಕಾಣುವ ರೀತಿ ಬೇರೆ. ಸೋಮವಾರ, ಶನಿವಾರ ಒಪ್ಪತ್ತು ಅಂತ ಹಗಲೆಲ್ಲ ಕಾಫಿಯಲ್ಲಿ ಕಳೆದು ರಾತ್ರಿ ಎಣ್ಣೆ ಸುರಿದ ಉಪ್ಪಿಟ್ಟು, ಸಬ್ಬಕ್ಕಿ, ಬಾಳೆಹಣ್ಣು. ಪ್ರೋಟೀನ್ ಹೆಸರಿಗೂ ಇಲ್ಲ. ಉಳಿದ ದಿನ ಎಲ್ಲರೂ ಉಂಡ ಮೇಲೆ ಕಾಳು ಮುಗಿದ ಸಾರಿನ ತಿಳಿ, ಹಾಳಾಗಬಾರದು ಅಂತ ಮಕ್ಕಳ ತಟ್ಟೆಯಲ್ಲಿ ಉಳಿದ ಅನ್ನ. ದಿನಕ್ಕೆ ಎರಡು ಸಲ ಒಂದೊಂದು ಹಿಡಿ ಅನ್ನವಾದರೂ 130 ಕ್ಯಾಲೊರಿ ಆಯಿತು. ಲೆಕ್ಕಕ್ಕೆ ಬಾರದ ಊಟ ಅದು.

ತೂಕ ಇಳಿಸುವಾಗ ಪ್ರತಿ ಕೆ.ಜಿ. ಮೈತೂಕಕ್ಕೆ 1.2 ಗ್ರಾಂ ಪ್ರೋಟೀನ್ ಗುರಿ ಇರಲಿ. 60 ಕೆ.ಜಿ.ಯವರಿಗೆ 72 ಗ್ರಾಂ. ಬರುವುದು ಎಲ್ಲಿಂದ? ಒಂದು ಮುದ್ದೆಯಿಂದ 7, ಎರಡು ಚಪಾತಿಯಿಂದ 6, 60 ಗ್ರಾಂ ಒಣ ಹುರುಳಿ ಅಥವಾ ಹೆಸರುಕಾಳಿನಿಂದ 13, ಎರಡು ಮೊಟ್ಟೆಯಿಂದ 12, ದಿನವಿಡೀ ಅರ್ಧ ಲೀಟರ್ ಹಾಲು-ಮೊಸರಿನಿಂದ 16, 30 ಗ್ರಾಂ ಕಡಲೆಕಾಯಿಯಿಂದ 7. ಒಟ್ಟು 61. ಉಳಿದದ್ದಕ್ಕೆ 25 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಸಾರಿಗೆ ಹಾಕಿದರೆ ಆಯಿತು. ಬಾಡೂಟದ ದಿನ ಬೇರೆ ಹೇಳಬೇಕಿಲ್ಲ. ಸಾರು ಬಡಿಸುವಾಗ ಸೌಟು ತಳದಿಂದ ಬರಲಿ. ಬಸ್ಸಾರಿನ ಸಾರಿಗಿಂತ ಅದರ ಪಲ್ಯದಲ್ಲೇ ಕಾಳು ಇರುವುದು.

ಕಡಿಮೆ ಮಾಡಬೇಕಾದ್ದು ಎಣ್ಣೆ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ. ಎರಡೂವರೆ ಲೀಟರಿಗೆ ಇಳಿಸಿದರೆ ಯಾರ ತಟ್ಟೆಯ ಮುದ್ದೆಯೂ ಚಿಕ್ಕದಾಗದೆ ತಲೆಗೆ 100 ಕ್ಯಾಲೊರಿ ಉಳಿಯಿತು. ತಿಪಟೂರಿನ ಸೀಮೆಯಲ್ಲಿ ಕೊಬ್ಬರಿ ಕಡಿಮೆ ಹಾಕಿ ಅನ್ನುವುದು ತುಸು ಧೈರ್ಯದ ಮಾತೇ. ಆದರೆ 100 ಗ್ರಾಂ ಒಣ ಕೊಬ್ಬರಿಗೆ 600ಕ್ಕೂ ಹೆಚ್ಚು ಕ್ಯಾಲೊರಿ ಇದೆ.

ಇನ್ನು ಸ್ನಾಯು ಉಳಿಯಲು ಭಾರ ಎತ್ತಬೇಕು. "ಮನೆಕೆಲಸವೇ ವ್ಯಾಯಾಮ" ಅನ್ನುವುದು ಅರ್ಧ ನಿಜ, ಕ್ಯಾಲೊರಿ ಖರ್ಚಾಗುತ್ತದೆ, ಸ್ನಾಯು ಬೆಳೆಯುವಷ್ಟು ಭಾರ ಬೀಳುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಮೆಟ್ಟಿಲು ಹತ್ತಿ ಇಳಿಯುವುದು, 5 ಲೀಟರ್ ನೀರಿನ ಕ್ಯಾನನ್ನು ಬೆನ್ನು ನೇರ ಇಟ್ಟು ನೆಲದಿಂದ ಎತ್ತುವುದು. ತಲಾ 10ರಂತೆ ಮೂರು ಸುತ್ತು. ಹತ್ತನೆಯದು ಸಲೀಸಾದರೆ ಭಾರ ಹೆಚ್ಚಿಸಿ. ಗಂಡಸಿನ ಹಾಗೆ ತೋಳು ಉಬ್ಬುತ್ತದೆ ಎಂಬ ಭಯ ಬೇಡ, ಟೆಸ್ಟೋಸ್ಟೆರಾನ್ ಹೆಂಗಸಿಗಿಂತ ಗಂಡಸಿನಲ್ಲಿ ಹತ್ತು ಪಟ್ಟಿಗೂ ಹೆಚ್ಚು.

ಕಬ್ಬಿಣದ ಅಂಶವನ್ನೂ ನೋಡಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದಿನಕ್ಕೆ ಗಂಡಸಿಗೆ 19 ಮಿ.ಗ್ರಾಂ., ಹೆಂಗಸಿಗೆ 29. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು, ಅದೇ ವಯಸ್ಸಿನ ಗಂಡಸರಲ್ಲಿ ಶೇ 25. ಮೂರು ಮೆಟ್ಟಿಲಿಗೆ ಏದುಸಿರು ಬರುವವರಿಗೆ ವಾಕಿಂಗ್ ಹೇಗೆ ಹಿಡಿಸೀತು? ಊಟದ ಹಿಂದೆಯೇ ಕಾಫಿ-ಟೀ ಬೇಡ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ.

ಡಾಕ್ಟರ ಹತ್ತಿರ ಹೋಗಬೇಕಾದ್ದು

ಮುಟ್ಟು 35 ದಿನ ದಾಟಿ ದಾಟಿ ಬರುವುದು, ಗಲ್ಲದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು ಮಡಿಕೆ ಇದ್ದರೆ ಜನ ಪಿಸಿಒಡಿ ಅನ್ನುವ, ಅಂಡಾಶಯ-ಹಾರ್ಮೋನುಗಳ ತೊಂದರೆ ಇರಬಹುದು. ಅಂಥವರಲ್ಲಿ ಇನ್ಸುಲಿನ್ ಹೆಚ್ಚಿದ್ದು ಹಸಿವೂ ಹೆಚ್ಚು. ಮೈತೂಕದ ಶೇ 5ರಿಂದ 10 ಇಳಿದರೆ ಸಾಕು, ಎಷ್ಟೋ ಜನಕ್ಕೆ ಮುಟ್ಟು ಕ್ರಮಕ್ಕೆ ಬರುತ್ತದೆ. ಥೈರಾಯ್ಡ್ ಹೆಂಗಸರಲ್ಲೇ ಹೆಚ್ಚು. ಆದರೆ 15 ಕೆ.ಜಿ. ಏರಿಕೆಯ ತಪ್ಪನ್ನೆಲ್ಲ ಅದರ ಮೇಲೆ ಹೊರಿಸುವಂತಿಲ್ಲ. ಅದು ತರುವುದು ಸಾಮಾನ್ಯವಾಗಿ ಕೆಲವೇ ಕೆ.ಜಿ., ಅದರಲ್ಲೂ ಹೆಚ್ಚಿನದು ಉಪ್ಪು-ನೀರು. ಥೈರಾಯ್ಡ್ ಮಾತ್ರೆ ತಗೊಂಡರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕೆಲಸ ತೋರಿಸುವ ಹಾರ್ಮೋನು) ಇಳಿಯದಿದ್ದರೆ ಮೊದಲು ಕಾಫಿಯನ್ನು ವಿಚಾರಿಸಿ: ಮಾತ್ರೆ ಖಾಲಿ ಹೊಟ್ಟೆಗೆ, ನೀರಿನಲ್ಲಿ, ಕಾಫಿಗೆ ಅರ್ಧ-ಮುಕ್ಕಾಲು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ.

ಬಾಣಂತಿಯರು ಮೊದಲ ಆರು ತಿಂಗಳು ಕಟ್ಟುನಿಟ್ಟಿನ ಡಯಟ್ ಮಾಡಬಾರದು. ಹಾಲುಣಿಸಲು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು. ಹಾಗಂತ ಅಂಟಿನುಂಡೆ, ತುಪ್ಪ ಎರಡನೇ ವರ್ಷಕ್ಕೂ ಮುಂದುವರಿದರೆ ತೊಂದರೆ ಅಲ್ಲಿಂದಲೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಹೊಸ ಕೊಬ್ಬು ತೊಡೆ ಬಿಟ್ಟು ಹೊಟ್ಟೆಗೆ ಬರುತ್ತದೆ. ತೂಕ ಏರದಿದ್ದರೂ ರವಿಕೆಯ ಕೆಳಗೆ ಮಡಿಕೆ ಮೂಡುತ್ತದೆ. ಅಲ್ಲಿಂದಾಚೆ ಗಂಡಸಿಗೆ ಇರುವ ಹೃದಯದ ಅಪಾಯ ಹೆಂಗಸಿಗೂ ಸಮಸಮ ಬರುತ್ತಾ ಹೋಗುತ್ತದೆ.

ಗಂಡಸರ ಕಡೆ ಅಡ್ಡಿ ಹೆಚ್ಚಾಗಿ ಬಾಟಲಿಯಲ್ಲಿ. ಒಂದು ನೈಂಟಿಗೆ 210 ಕ್ಯಾಲೊರಿ, ಬೆಳಗಿನ ವಾಕಿಂಗ್ ಅಲ್ಲಿಗೆ ಮುಗಿಯಿತು. ಜೊತೆಗಿನ ಕಬಾಬು, ಕಾಂಗ್ರೆಸ್ ಕಡಲೆಬೀಜ ಬೇರೆ. ದೇಹ ಮದ್ಯವನ್ನು ಮೊದಲು ಸುಡುತ್ತದೆ, ಅಷ್ಟು ಹೊತ್ತು ಕೊಬ್ಬಿನ ಸರದಿ ಹಿಂದೆ. ವಾರಕ್ಕೆ ನಾಲ್ಕು ದಿನ ತಲಾ ಎರಡು ನೈಂಟಿ ಬಿಟ್ಟರೆ ತಿಂಗಳಿಗೆ ಸುಮಾರು 7,000 ಕ್ಯಾಲೊರಿ ಉಳಿಯುತ್ತದೆ. ಹತ್ತಿರ ಹತ್ತಿರ ಒಂದು ಕೆ.ಜಿ. ಬೊಜ್ಜು. ಕುಡಿಯದ ಹೆಂಡತಿಗೆ ಹೀಗೆ ಬಿಡಲು ಸಿಗುವ ಸುಲಭದ ಬಾಬತ್ತೇ ಇರುವುದಿಲ್ಲ.

ಕೆಲವು ತಿಂಗಳಾದ ಮೇಲೆ ಇಬ್ಬರ ಇಳಿಕೆಯೂ ನಿಧಾನವಾಗುತ್ತದೆ. 8 ಕೆ.ಜಿ. ಇಳಿದವರ ದಿನದ ಖರ್ಚೇ ಸೂತ್ರದ ಪ್ರಕಾರ 110 ಕ್ಯಾಲೊರಿ ಕಡಿಮೆಯಾಗಿರುತ್ತದೆ. 475 ಇಳಿಸಿದ್ದ ಗಂಡನಿಗೆ ಇನ್ನೂ 365ರ ಅಂತರ ಉಳಿದಿದೆ, 370 ಇಳಿಸಿದ್ದ ಹೆಂಡತಿಗೆ ಉಳಿದಿರುವುದು 260. ಅದರಲ್ಲಿ ಒಂದು ಹೋಳಿಗೆ ತುಪ್ಪ ಸಮೇತ ಹೋದರೆ ಆ ದಿನ ಸಮಸಮ. ಆಗ ಮುದ್ದೆಯನ್ನು ಇನ್ನೂ ಚಿಕ್ಕದು ಮಾಡಬೇಡಿ. ಹೊಸ ತೂಕ ಹಾಕಿ ಲೆಕ್ಕ ಮತ್ತೆ ಮಾಡಿ, ಒಂದು ವಾರ ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ, ಊಟದ ಮೇಲೆ ದಿನಕ್ಕೆ ಎರಡು ಸಲ 15 ನಿಮಿಷ ನಡೆಯಿರಿ, ಕ್ಯಾನ್‌ನ ಭಾರ ಏರಿಸಿ. ಮುಂದಿನ ತೂಕ ಮುಟ್ಟು ಮುಗಿದ ವಾರಕ್ಕೆ.